8.1 ಸಿಜಿಪಿಎ, ಮೂರು ಗ್ರೇಡು: ಜರ್ಮನಿಯ ಫೈನಾನ್ಸ್ ಸೀಟಿಗೆ ನಾನು ಹಾಕಿದ ಲೆಕ್ಕ

ನಾನು ಓದಿದ್ದು ವಿಟಿಯುನಲ್ಲಿ ಎಲೆಕ್ಟ್ರಾನಿಕ್ಸ್, 2015ರ ಸ್ಕೀಮ್. ಸಿಜಿಪಿಎ 8.1. ಪದವಿ ಮುಗಿದ ಮೇಲೆ ಬೆಂಗಳೂರಿನಲ್ಲಿ ಒಂದು ಬ್ಯಾಂಕಿನ ರಿಸ್ಕ್ ವಿಭಾಗದಲ್ಲಿ ಮೂರು ವರ್ಷ ಕೆಲಸ ಮಾಡಿದೆ. ದಿನವೂ ಬಳಸುತ್ತಿದ್ದ ಲೆಕ್ಕಗಳ ಬುಡ ಗೊತ್ತಿಲ್ಲ ಎಂಬ ಕೊರಗು ಬೆಳೆಯುತ್ತಾ ಹೋಗಿ, ಫೈನಾನ್ಸಿನಲ್ಲಿ ಸ್ನಾತಕೋತ್ತರ ಪದವಿ ಮಾಡಲೇಬೇಕು ಎನಿಸಿತು. ಜರ್ಮನಿಯನ್ನು ಆರಿಸಿದ್ದು ಹಣದ ಕಾರಣಕ್ಕೆ. ಅಲ್ಲಿನ ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ. ಆದರೆ ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯದಲ್ಲಿ ಐರೋಪ್ಯ ಒಕ್ಕೂಟದ ಹೊರಗಿನವರು ಸೆಮಿಸ್ಟರಿಗೆ 1,500 ಯೂರೊ ಕಟ್ಟಬೇಕು.

2022ರ ಮಳೆಗಾಲದಲ್ಲಿ ಒಂದು ಸಲಹಾ ಕಚೇರಿಗೆ ಹೋಗಿದ್ದೆ. ಅಂಕಪಟ್ಟಿಯ ಮೇಲೆ ಕಣ್ಣಾಡಿಸಿದವರು, "ನಿಮಗೆ 80 ಪರ್ಸೆಂಟ್ ಚಾನ್ಸ್ ಇದೆ ಮೇಡಂ" ಎಂದರು. ಆ 80 ಎಲ್ಲಿಂದ ಬಂತು ಎಂದು ಕೇಳಿದೆ. ಉತ್ತರ ಸಿಗಲಿಲ್ಲ. ರಾತ್ರಿ ಸ್ಟುಟ್‌ಗಾರ್ಟ್‌ನಲ್ಲಿರುವ ದೊಡ್ಡಪ್ಪನ ಮಗನಿಗೆ ಫೋನ್ ಮಾಡಿದೆ. "ಕೋರ್ಸಿನ ಜಾಹೀರಾತು ಓದಬೇಡ ಪುಟ್ಟಿ, ಆಯ್ಕೆ ನಿಯಮಾವಳಿ ಓದು" ಎಂದ ಅಣ್ಣ. ನನಗೆ ದಾರಿ ತೋರಿಸಿದ್ದು ಆ ಒಂದು ಮಾತು.

ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳು ಯಾರನ್ನು ಹೇಗೆ ಆರಿಸುತ್ತೇವೆ ಎಂಬುದನ್ನು ನಿಯಮದ ರೂಪದಲ್ಲಿ ಪ್ರಕಟಿಸುತ್ತವೆ. ಇರುವುದು ಹೆಚ್ಚಾಗಿ ಜರ್ಮನ್ ಭಾಷೆಯಲ್ಲಿ. ಪಾಠ ಇಂಗ್ಲಿಷಿನಲ್ಲೇ ನಡೆದರೂ ನಿಯಮ ಮಾತ್ರ ಜರ್ಮನ್. ಅನುವಾದದ ಆ್ಯಪ್ ಇಟ್ಟುಕೊಂಡು ಒಂಬತ್ತು ಕೋರ್ಸುಗಳ ನಿಯಮಾವಳಿಯನ್ನು ಸಾಲು ಸಾಲಾಗಿ ಓದಿದೆ. ಓದಿದ ಮೇಲೆ ತಿಳಿದದ್ದು, ಕೋರ್ಸುಗಳಲ್ಲಿ ಎರಡು ಬಗೆ ಎಂದು. ಕೆಲವಕ್ಕೆ ಸೀಟಿನ ಮಿತಿಯೇ ಇಲ್ಲ, ಅರ್ಹತೆ ಇದ್ದವರಿಗೆಲ್ಲ ಪ್ರವೇಶ. ಉಳಿದವಕ್ಕೆ ಮಿತಿಯಿದೆ. ಅಲ್ಲಿ ಗ್ರೇಡು, ಜಿಮ್ಯಾಟ್ ಎಂಬ ಪ್ರವೇಶ ಪರೀಕ್ಷೆಯ ಅಂಕ, ಕೆಲಸದ ಅನುಭವ ಇಂಥವಕ್ಕೆ ಅಂಕ ಕೊಟ್ಟು ಪಟ್ಟಿ ಮಾಡುತ್ತಾರೆ. ಮೊದಲ ಬಗೆಯಲ್ಲಿ ಶೇಕಡಾವಾರು ಅವಕಾಶ ಎಂಬ ಮಾತಿಗೆ ಅರ್ಥವೇ ಇಲ್ಲ. ಅರ್ಹತೆ ಇದೆಯೋ ಇಲ್ಲವೋ, ಅಷ್ಟೇ.

ಇನ್ನು ಗ್ರೇಡು. ಜರ್ಮನಿಯಲ್ಲಿ 1.0 ಅತ್ಯುತ್ತಮ, 4.0 ತೇರ್ಗಡೆಯ ಅಂಚು. ನಮ್ಮ ಅಂಕಗಳನ್ನು ಇದಕ್ಕೆ ಇಳಿಸಲು ಬವೇರಿಯನ್ ಸೂತ್ರವಿದೆ. ಗರಿಷ್ಠ ಅಂಕದಿಂದ ನಮ್ಮ ಅಂಕವನ್ನು ಕಳೆದು, ಬಂದದ್ದನ್ನು ಗರಿಷ್ಠ ಮತ್ತು ತೇರ್ಗಡೆಯ ಕನಿಷ್ಠ ಅಂಕಗಳ ವ್ಯತ್ಯಾಸದಿಂದ ಭಾಗಿಸಬೇಕು. ಅದನ್ನು ಮೂರರಿಂದ ಗುಣಿಸಿ ಒಂದು ಕೂಡಿಸಬೇಕು. ನೋಡಲು ಸುಲಭ. ಆದರೆ ನನ್ನ ಕನಿಷ್ಠ ಅಂಕ ಯಾವುದು? ವಿಷಯವೊಂದರಲ್ಲಿ ಪಾಸಾಗಲು 4 ಸಾಕು ಎಂದುಕೊಂಡರೆ 1.95 ಬರುತ್ತದೆ. ಪದವಿ ಸಿಗಲು ಸಿಜಿಪಿಎ 5 ಇರಬೇಕೆಂಬ ನಿಯಮ ಹಿಡಿದರೆ 2.14. ಸಿಜಿಪಿಎಯಿಂದ 0.75 ಕಳೆದು ಹತ್ತರಿಂದ ಗುಣಿಸುವ ನಮ್ಮ ಸ್ಕೀಮಿನ ಪದ್ಧತಿಯಂತೆ ಶೇಕಡಾವಾರು ಮಾಡಿದರೆ ನನ್ನದು 73.5, ಕನಿಷ್ಠ 40 ಎಂದಿಟ್ಟರೆ ಗ್ರೇಡು 2.32. ಒಂದೇ ಅಂಕಪಟ್ಟಿ, ಮೂರು ಗ್ರೇಡು. ಎರಡು ದಿನ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಇದನ್ನು ಊಹಿಸುತ್ತಾ ಕೂರಬಾರದು. ಹಲವು ವಿಶ್ವವಿದ್ಯಾಲಯಗಳ ಪರವಾಗಿ ವಿದೇಶಿ ಅರ್ಜಿಗಳನ್ನು ಪರಿಶೀಲಿಸುವ ಯೂನಿ-ಅಸಿಸ್ಟ್ ಸಂಸ್ಥೆ, ಕೆಲವು ಕೋರ್ಸುಗಳಿಗಾಗಿ ವಿಪಿಡಿ ಎಂಬ ಪತ್ರ ಕೊಡುತ್ತದೆ. ಪರಿವರ್ತಿಸಿದ ಗ್ರೇಡು ಅದರಲ್ಲೇ ಇರುತ್ತದೆ. ಮೊದಲ ಅರ್ಜಿಗೆ 75 ಯೂರೊ, ಅದೇ ಸೆಮಿಸ್ಟರಿನ ನಂತರದ ಪ್ರತಿಯೊಂದಕ್ಕೆ 30. ನನಗೆ ಬಂದದ್ದು 2.1. ಹಲವು ಕೋರ್ಸುಗಳು 2.5ಕ್ಕೆ ಗೆರೆ ಎಳೆಯುತ್ತವೆ, ಹಾಗಾಗಿ ಉಸಿರಾಡಿದೆ.

ಆದರೆ ನನ್ನ ನಿಜವಾದ ತೊಡಕು ಗ್ರೇಡಿನಲ್ಲಿರಲಿಲ್ಲ, ವಿಷಯಗಳಲ್ಲಿತ್ತು. ಅರ್ಥಶಾಸ್ತ್ರ ಮತ್ತು ವಾಣಿಜ್ಯದಲ್ಲಿ ಇಷ್ಟು, ಗಣಿತ ಮತ್ತು ಸಂಖ್ಯಾಶಾಸ್ತ್ರದಲ್ಲಿ ಇಷ್ಟು ಇಸಿಟಿಎಸ್ ಕ್ರೆಡಿಟ್ ಬೇಕು ಎಂದು ನಿಯಮಾವಳಿಗಳು ಹೇಳುತ್ತವೆ. ಇಸಿಟಿಎಸ್ ಎಂದರೆ ಓದಿನ ಹೊರೆಯನ್ನು ಅಳೆಯುವ ಯುರೋಪಿನ ಕ್ರೆಡಿಟ್ ಪದ್ಧತಿ. ವರ್ಷಕ್ಕೆ 60ರಂತೆ ನಾಲ್ಕು ವರ್ಷಕ್ಕೆ 240. ನನ್ನ ಪದವಿಯ ಒಟ್ಟು ಕ್ರೆಡಿಟ್ 200. ಅಂದರೆ ನಮ್ಮ ಒಂದು ಕ್ರೆಡಿಟ್ಟಿಗೆ ಅವರದು 1.2. ಎಂ1ರಿಂದ ಎಂ4ರವರೆಗೆ ನಾಲ್ಕು ಗಣಿತ ಪತ್ರಿಕೆಗಳಿಗೆ 19.2 ಆಯಿತು. ವಾಣಿಜ್ಯದ ಕಡೆಗೆ ಐದನೇ ಸೆಮಿಸ್ಟರಿನ ಮ್ಯಾನೇಜ್‌ಮೆಂಟ್ ಪತ್ರಿಕೆಯೊಂದೇ. 4.8. ನೋಟ್‌ಪುಸ್ತಕದಲ್ಲಿ ಆ ಅಂಕಿ ಬರೆದ ಸಂಜೆ ಒಂಬತ್ತರಲ್ಲಿ ಐದು ಕೋರ್ಸುಗಳ ಹೆಸರು ನಾನೇ ಹೊಡೆದುಹಾಕಿದೆ. ಬೇಸರವಾಯಿತು, ನಿಜ. ಆದರೆ ಐದು ಅರ್ಜಿಗಳ ಖರ್ಚೂ ಐದು ತಿಂಗಳ ಸುಳ್ಳು ಆಸೆಯೂ ತಪ್ಪಿದವು.

ಉಳಿದ ನಾಲ್ಕಕ್ಕೆ ಒಂದು ಕೆಲಸ ಮಾಡಿದೆ. "ಎಂಜಿನಿಯರಿಂಗ್ ಮ್ಯಾಥಮ್ಯಾಟಿಕ್ಸ್ 4" ಎಂಬ ಹೆಸರು ನೋಡಿದರೆ ಒಳಗೆ ಏನಿದೆ ಎಂದು ಜರ್ಮನಿಯವರಿಗೆ ಹೇಗೆ ತಿಳಿಯಬೇಕು? ಹಳೆಯ ಪಠ್ಯಕ್ರಮ ತೆಗೆದು ನೋಡಿದರೆ ಸಂಭವನೀಯತೆಯ ವಿತರಣೆಗಳು, ಸ್ಯಾಂಪ್ಲಿಂಗ್, ಮಾರ್ಕೊವ್ ಸರಪಳಿ ಎಲ್ಲ ಅಲ್ಲೇ ಇದ್ದವು. ಪರೀಕ್ಷೆಯ ಹಿಂದಿನ ರಾತ್ರಿ ಬೈದುಕೊಂಡು ಓದಿದ ಪಾಠಗಳು. ಪ್ರತಿ ಘಟಕಕ್ಕೂ ಒಂದು ಸಾಲಿನ ವಿವರಣೆ, ತರಗತಿಯ ಗಂಟೆಗಳು, ಕ್ರೆಡಿಟ್ ಬರೆದು ಎರಡು ಪುಟದ ಕೋಷ್ಟಕ ಮಾಡಿ, ಆಯಾ ಕೋರ್ಸಿನ ಕಚೇರಿಗೆ ಮಿಂಚಂಚೆ ಕಳುಹಿಸಿದೆ. ಒಬ್ಬರನ್ನು ಬಿಟ್ಟು ಎಲ್ಲರೂ ಉತ್ತರಿಸಿದರು. ಹೀಗೆ ನೇರವಾಗಿ ಕೇಳುವುದಕ್ಕೆ ನಮ್ಮವರು ಹಿಂಜರಿಯುತ್ತಾರೆ. ಹಿಂಜರಿಯಬೇಡಿ.

ಜಿಮ್ಯಾಟಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಆಗಿನ್ನೂ 800ರವರೆಗಿನ ಹಳೆಯ ಪರೀಕ್ಷೆ, ನನಗೆ 680 ಬಂತು. ಈಗಿನದು 205ರಿಂದ 805ರ ಮಾಪನ, ಹಳೆಯ ಅಂಕಗಳ ಜೊತೆ ನೇರವಾಗಿ ಹೋಲಿಸಬಾರದು. 2022ರ ನವೆಂಬರಿನಿಂದ ವೀಸಾಕ್ಕೆ, ನಮ್ಮ ಪದವಿಯ ದಾಖಲೆಗಳು ಅಸಲಿ ಎಂದು ಖಚಿತಪಡಿಸುವ ಎಪಿಎಸ್ ಪ್ರಮಾಣಪತ್ರ ಕಡ್ಡಾಯವಾಗಿತ್ತು. ಅದಕ್ಕೆ 18,000 ರೂಪಾಯಿ ಕಟ್ಟಿ ಎಲ್ಲಕ್ಕಿಂತ ಮೊದಲು ಅರ್ಜಿ ಹಾಕಿದೆ.

ಜೂನಿನಲ್ಲಿ ಉತ್ತರಗಳು ಬಂದವು. ಸೀಟಿನ ಮಿತಿಯಿದ್ದ ಒಂದು ಕಡೆ ಪಟ್ಟಿಯಲ್ಲಿ ಕೆಳಗುಳಿದೆ. ಎರಡು ಕಡೆ ಪ್ರವೇಶ ಸಿಕ್ಕಿತು. ಅದರಲ್ಲಿ ಒಂದಕ್ಕೆ ಷರತ್ತು ಇತ್ತು. ಅಕೌಂಟಿಂಗ್ ಮತ್ತು ಕಾರ್ಪೊರೇಟ್ ಫೈನಾನ್ಸಿನ ಪದವಿ ಹಂತದ ಎರಡು ಪತ್ರಿಕೆಗಳನ್ನು ಮೊದಲ ವರ್ಷದೊಳಗೆ ಪಾಸು ಮಾಡಬೇಕು. ನನಗೆ ಬೇಕಾದದ್ದೇ ಆ ಬುನಾದಿಯಾಗಿದ್ದರಿಂದ ಅದನ್ನೇ ಒಪ್ಪಿಕೊಂಡೆ. ನಾಲ್ಕನೆಯದು ಉತ್ತರ ಕೊಡದ ಕಚೇರಿಯ ಕೋರ್ಸು. ಅದರ ಮುಂದೆ ನಾನು ಮೊದಲೇ ಪ್ರಶ್ನೆಯ ಗುರುತು ಹಾಕಿಟ್ಟಿದ್ದೆ. ಅವರ ನಿರಾಕರಣೆಯ ಪತ್ರದಲ್ಲಿ ಎರಡು ಅಂಕಿಗಳಿದ್ದವು: ಗಣಿತಕ್ಕೆ 19, ಅರ್ಥಶಾಸ್ತ್ರ ಮತ್ತು ವಾಣಿಜ್ಯಕ್ಕೆ 5. ನೋಟ್‌ಪುಸ್ತಕ ತೆರೆದು ಪಕ್ಕದಲ್ಲಿಟ್ಟು ನೋಡಿದೆ. ಹೆಚ್ಚುಕಡಿಮೆ ನಾನು ಬರೆದದ್ದೇ ಇತ್ತು.