ಸರ್ಟಿಫಿಕೇಟ್ ಅಲ್ಲ, ಸೈಕಲ್ ಟೈಮ್ ಪುಸ್ತಕ: ಆಪರೇಟರ್‌ನಿಂದ ಪ್ರೋಗ್ರಾಮರ್ ಆದ ನನ್ನ ಅನುಭವ

ಈಗ ನನ್ನ ಕೈಗೆ ಬರುವ ಸಂಬಳ ತಿಂಗಳಿಗೆ 62 ಸಾವಿರದ ಆಸುಪಾಸು. ಆರೇಳು ವರ್ಷದ ಹಿಂದೆ ಬೆಂಗಳೂರಿನ ಪೀಣ್ಯದಲ್ಲಿ ವಿಎಂಸಿ (ಪ್ರೋಗ್ರಾಮ್ ಪ್ರಕಾರ ಲೋಹ ಕತ್ತರಿಸುವ ಮೆಷಿನ್) ಆಪರೇಟರ್ ಆಗಿದ್ದಾಗ ಓಟಿ ಸೇರಿದರೂ 19 ಸಾವಿರ ದಾಟುತ್ತಿರಲಿಲ್ಲ. ಐಟಿಐ ಓದಿದವನು ಆ ಮೆಷಿನ್‌ಗೆ ಪ್ರೋಗ್ರಾಮ್ ಬರೆಯುವ ಪ್ರೋಗ್ರಾಮರ್ ಸೀಟಿಗೆ ಹೋಗುವುದೇ ಕಷ್ಟ, ಫೈವ್ ಆಕ್ಸಿಸ್ (ಟೂಲ್ ಇಲ್ಲವೇ ಪೀಸ್ ಓರೆಯಾಗಿಯೂ ತಿರುಗುವ ಮೆಷಿನ್) ಶಾಪಂತೂ ಆಗದ ಮಾತು ಅಂತ ಜೊತೆಯವರು ಹೇಳುತ್ತಿದ್ದರು. ನಾನು ಹೋದೆ. ಹೇಗೆ ಅನ್ನುವುದನ್ನು ಇವತ್ತೂ ಮೆಷಿನ್ ಮುಂದೆ ನಿಂತಿರುವವರಿಗಾಗಿ ಬರೆಯುತ್ತಿದ್ದೇನೆ. ಜಿ54 ಎಂದರೇನು, ಟೂಲ್ ಆಫ್‌ಸೆಟ್ ಹೇಗೆ ತೆಗೆಯಬೇಕು ಅಂತೆಲ್ಲ ಇಲ್ಲಿ ಹೇಳುವುದಿಲ್ಲ. ನಿಮಗೆ ಗೊತ್ತಿರುತ್ತದೆ.

ಮೊದಲು ಕೆಲಸಕ್ಕೆ ಬಾರದ್ದನ್ನು ಹೇಳಿಬಿಡುತ್ತೇನೆ. ಒಂದು ಖಾಸಗಿ ಇನ್‌ಸ್ಟಿಟ್ಯೂಟಿನಲ್ಲಿ ಭಾನುವಾರದ ಬ್ಯಾಚಿಗೆ ಸೇರಿ ಕ್ಯಾಮ್ (ಕಂಪ್ಯೂಟರಿನಲ್ಲಿ ಮೆಷಿನ್ ಪ್ರೋಗ್ರಾಮ್ ಮಾಡುವ ಸಾಫ್ಟ್‌ವೇರ್) ಕೋರ್ಸ್ ಮಾಡಿದೆ. ಫೀಸು 35 ಸಾವಿರ ಇರಬೇಕು, ಚೀಟಿ ಎತ್ತಿ ಕಟ್ಟಿದ್ದು. ಯಾವ ಬಟನ್ ಒತ್ತಿದರೆ ಯಾವ ಟೂಲ್‌ಪಾತ್ ಬರುತ್ತದೆ ಅಂತ ಕಲಿಸಿದರು, ಅಷ್ಟೇ. ಟೂಲ್‌ಪಾತನ್ನು ಮೆಷಿನ್‌ಗೆ ಅರ್ಥವಾಗುವ ಕೋಡ್ ಆಗಿಸುವ ಪೋಸ್ಟ್ ಪ್ರೊಸೆಸರ್ ಅನ್ನುವ ಮಾತೇ ಬರಲಿಲ್ಲ. ಬರೆದ ಒಂದು ಪ್ರೋಗ್ರಾಮೂ ಮೆಷಿನ್ ಮೇಲೆ ಓಡಲಿಲ್ಲ. ರಾಜಾಜಿನಗರದ ಜಿಟಿಟಿಸಿಯಲ್ಲಿ (ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ) ಓದಿದ ಗೆಳೆಯರು ಮೆಷಿನ್ ಮೇಲೆ ಚೆನ್ನಾಗಿ ಪಳಗಿ ಬಂದಿದ್ದರು, ಆದರೆ ನನ್ನ ಶಿಫ್ಟಿಗೆ ಆ ಸಮಯ ಹೊಂದಲಿಲ್ಲ. ಆಮೇಲೆ ಒಂದು ಕನ್ಸಲ್ಟೆನ್ಸಿ ರಿಜಿಸ್ಟ್ರೇಷನ್ ಅಂತ ಮೂರು ಸಾವಿರ ಇಸಿದುಕೊಂಡಿತು. ಅಲ್ಲಿಂದ ಬಂದ ಕರೆಗಳೆಲ್ಲ ಮತ್ತೆ ಆಪರೇಟರ್ ಕೆಲಸಕ್ಕೇ. ಸರ್ಟಿಫಿಕೇಟ್ ಹಿಡಿದು ಹೋದ ಇಂಟರ್‌ವ್ಯೂಗಳಲ್ಲಿ ಎಲ್ಲ ಕಡೆ ಒಂದೇ ಪ್ರಶ್ನೆ: "ಪ್ರೋಗ್ರಾಮರ್ ಆಗಿ ಎಷ್ಟು ವರ್ಷ?" ಅದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ. ಸೀಟು ಕೊಡದೆ ಅನುಭವ ಎಲ್ಲಿಂದ ಬರಬೇಕು, ಅಲ್ವಾ?

ಆಗ ದಾರಿ ಬದಲಾಯಿಸಿದೆ. ಎಚ್‌ಆರ್ ನೋಡುವುದು ಓದು. ಪ್ರೊಡಕ್ಷನ್ ಹೆಡ್ ನೋಡುವುದು ಸ್ಪಿಂಡಲ್ ಎಷ್ಟು ಹೊತ್ತು ತಿರುಗಿ ಎಷ್ಟು ಪೀಸ್ ಕೊಟ್ಟಿತು ಅಂತ. ಆ ಎರಡನೆಯವರಿಗೆ ತೋರಿಸಲು ಒಂದು ಲಾಂಗ್ ನೋಟ್‌ಬುಕ್ ಮಾಡಿದೆ. ಒಂದು ಜಾಬಿಗೆ, ಅಂದರೆ ಮೆಷಿನ್ ಮೇಲೆ ಮಾಡುವ ಒಂದು ಪಾರ್ಟಿಗೆ, ಒಂದು ಪುಟ. ಮೊದಲಿದ್ದ ಸೈಕಲ್ ಟೈಮ್ (ಒಂದು ಪೀಸಿಗೆ ಹಿಡಿಯುವ ಸಮಯ), ನಾನು ಏನು ಬದಲಾಯಿಸಿದೆ, ಆಮೇಲಿನ ಸೈಕಲ್ ಟೈಮ್, ಒಂದು ಟೂಲಿಗೆ ಎಷ್ಟು ಪೀಸ್, ತಿಂಗಳಿಗೆ ಎಷ್ಟು ಗಂಟೆ ಉಳಿತಾಯ, ಅದಕ್ಕೆ ಎಷ್ಟು ರೂಪಾಯಿ. ಕೊನೆಯ ಕಾಲಮ್ಮೇ ಮುಖ್ಯ. "ಇದೆಲ್ಲ ಯಾರು ನೋಡ್ತಾರೆ ಮಾರಾಯ, ಡಿಗ್ರಿ ಇದ್ರೆ ಕರೀತಾರೆ, ಇಲ್ಲದಿದ್ರೆ ಇಲ್ಲ" ಅಂತ ಶಿಫ್ಟಿನವರು ಹೇಳಿದರು.

ಮೊದಲ ಪುಟದ ಜಾಬ್ ಇನ್ನೂ ನೆನಪಿದೆ. 6061 ಅಲ್ಯೂಮಿನಿಯಂ ಬ್ರಾಕೆಟ್, ನಡುವೆ 24 ಮಿಮೀ ಆಳದ ಪಾಕೆಟ್. 16 ಮಿಮೀ ಎಂಡ್‌ಮಿಲ್ ಕಟರ್‌ನಲ್ಲಿ ಮೂರು ಮೂರು ಮಿಮೀ ಇಳಿಸುತ್ತಾ, ಅರ್ಧ ಡಯಾ ಸ್ಟೆಪ್‌ಓವರ್ (ಪಕ್ಕಕ್ಕೆ ಸರಿಯುವ ಅಳತೆ) ಕೊಟ್ಟು, ನಿಮಿಷಕ್ಕೆ 1200 ಮಿಮೀ ಫೀಡಿನಲ್ಲಿ ಓಡಿಸುತ್ತಿದ್ದರು. ಪೀಸಿಗೆ 22 ನಿಮಿಷ. ನಾನು 12ರ ಮೂರು ಫ್ಲೂಟ್ (ಹಲ್ಲು) ಕಾರ್ಬೈಡ್ ಕಟರ್ ಹಾಕಿದೆ. ಪೂರ್ತಿ 24 ಆಳ ಒಂದೇ ಸಲ, ಸ್ಟೆಪ್‌ಓವರ್ ಬರೀ 1.2, ಸ್ಪಿಂಡಲ್ 8000 ಆರ್‌ಪಿಎಂ, ಫೀಡ್ 2800. ಲೆಕ್ಕ ಹಾಕಿ ನೋಡಿ: ಮೊದಲು ನಿಮಿಷಕ್ಕೆ 29 ಸಿಸಿಯಷ್ಟು ಲೋಹ ಹೋಗುತ್ತಿತ್ತು, ಈಗ 80 ಸಿಸಿ. ತಳದ ಮೂರು ಮಿಮೀ ಮಾತ್ರ ಸವೆಯುತ್ತಿದ್ದ ಟೂಲು ಈಗ ಉದ್ದಕ್ಕೂ ಕೆಲಸ ಮಾಡುತ್ತದೆ. ಫಿನಿಶಿಂಗ್, ಡ್ರಿಲ್, ಟ್ಯಾಪ್ ಎಲ್ಲ ಸೇರಿ ಪೀಸ್ 13 ನಿಮಿಷಕ್ಕೆ ಇಳಿಯಿತು. ತಿಂಗಳಿಗೆ 400 ಪೀಸು, ಪೀಸಿಗೆ 9 ನಿಮಿಷ, ಅಂದರೆ 60 ಗಂಟೆ. ಗಂಟೆಗೆ 400 ರೂಪಾಯಿ ಮೆಷಿನ್ ರೇಟ್ ಹಿಡಿದರೂ 24 ಸಾವಿರ. ಒಂದೇ ಜಾಬಿನಲ್ಲಿ ನನ್ನ ಸಂಬಳಕ್ಕಿಂತ ಜಾಸ್ತಿ ಉಳಿಸಿ ಕೊಟ್ಟಿದ್ದೆ.

ಆ ವರ್ಷ ಕಂಪನಿ ಕೊಟ್ಟ ಇನ್‌ಕ್ರಿಮೆಂಟ್ ಸಾವಿರದ ಐನೂರು.

ಅದೇ ವಿಧಾನವನ್ನು ಇಎನ್24 ಅನ್ನುವ ಗಟ್ಟಿ ಅಲಾಯ್ ಸ್ಟೀಲಿಗೆ ತಂದಾಗ ಸುಲಭವಾಗಿ ಆಗಲಿಲ್ಲ. ಸ್ಪೀಡು, ಫೀಡು ಎಲ್ಲ ಇಳಿಸಿದ್ದರೂ ಎರಡನೇ ಪೀಸಿಗೇ ಟೂಲ್ ಹೋಯಿತು. ನಾನೇ ಕೈಯಿಂದ 2,800 ಕೊಟ್ಟು ತಂದಿದ್ದ ಕಟರ್ ಅದು. "ನೋಡಪ್ಪ, ಅದಕ್ಕೇ ಹೇಳಿದ್ದು, ಹಳೇ ಪ್ರೋಗ್ರಾಮೇ ಓಡಿಸು" ಅಂದರು ಸೂಪರ್‌ವೈಸರ್. ಡಯಲ್ ಇಟ್ಟು ನೋಡಿದರೆ ಟೂಲ್ ತುದಿಯಲ್ಲಿ ರನ್‌ಔಟ್ (ತಿರುಗುವಾಗಿನ ಓಲಾಟ) 40 ಮೈಕ್ರಾನ್. ಟೂಲ್ ಹಿಡಿಯುವ ಕಾಲೆಟ್ ಸವೆದಿತ್ತು. ಅಷ್ಟು ತೆಳು ಚಿಪ್ ತೆಗೆಯುವಾಗ 40 ಮೈಕ್ರಾನ್ ಓಡಿದರೆ ಒಂದೇ ಹಲ್ಲಿನ ಮೇಲೆ ಭಾರ ಬೀಳುತ್ತದೆ. ಹೊಸ ಕಾಲೆಟ್, ಹೊಸ ನಟ್ ತರಿಸಿ, ಕೂಲೆಂಟ್ ನಿಲ್ಲಿಸಿ ಬರೀ ಏರ್ ಬಿಟ್ಟೆ. ಪೀಸುಗಳು ಒಂದಾದ ಮೇಲೊಂದು ಬಂದವು. ಪಾಕೆಟ್ ಮೂಲೆಯಲ್ಲಿ ಕಿರುಗುಟ್ಟುವುದನ್ನು ಹೇಗೆ ನಿಲ್ಲಿಸಿದೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದು ಇವತ್ತಿಗೂ ನನಗೆ ಅನ್ನ ಕೊಡುತ್ತಿದೆ.

ರಜೆ ದಿನಗಳಲ್ಲಿ ಲಗ್ಗೆರೆ, ಕಾಮಾಕ್ಷಿಪಾಳ್ಯ ಕಡೆಯ ಒಂದು ಮೆಷಿನ್, ಎರಡು ಮೆಷಿನ್ ಶಾಪುಗಳಿಗೆ ಪ್ರೋಗ್ರಾಮ್ ಬರೆದು ಕೊಡತೊಡಗಿದೆ. ಜಾಬ್ ನೋಡಿಕೊಂಡು 500ರಿಂದ 1,500. ತಿಂಗಳಿಗೆ ಐದಾರು ಸಾವಿರ ಬರುತ್ತಿತ್ತು. ಕೆಲವರು ಇವತ್ತಿಗೂ ಕೊಟ್ಟಿಲ್ಲ. ದುಡ್ಡಿಗಿಂತ ದೊಡ್ಡ ಲಾಭ ಬೇರೆ ಇತ್ತು. ಮೆಷಿನ್ ಕಂಟ್ರೋಲ್ ನಮ್ಮಲ್ಲಿ ಬರೀ ಫ್ಯಾನಕ್. ಅಲ್ಲಿ ಒಬ್ಬರ ಹತ್ತಿರ ಸೀಮೆನ್ಸ್ 828ಡಿ, ಇನ್ನೊಬ್ಬರ ಹತ್ತಿರ ಮಿತ್ಸುಬಿಷಿ. ಫ್ಲೇಂಜ್ ಮಾಡುವ ಒಬ್ಬರಿಗೆ ಮ್ಯಾಕ್ರೋ ಬರೆದು ಕೊಟ್ಟೆ. ಪಿಸಿಡಿ (ಹೋಲ್‌ಗಳು ಕೂರುವ ವೃತ್ತದ ವ್ಯಾಸ), ಹೋಲ್ ಎಷ್ಟು, ಆಳ ಎಷ್ಟು ಅಂತ ಮೂರು ವೇರಿಯಬಲ್ ತುಂಬಿದರೆ ಸಾಕು, ಸೈಜಿಗೊಂದು ಪ್ರೋಗ್ರಾಮ್ ಬೇಕಾಗುವುದಿಲ್ಲ. ಆ ಶಾಪಿನ ಅಣ್ಣ ಈಗಲೂ ಅದನ್ನೇ ಓಡಿಸುತ್ತಾರೆ. ನನಗೆ ಅದು ತುಂಬಾ ಖುಷಿ.

ಫೈವ್ ಆಕ್ಸಿಸ್ ಕಲಿಯಲು ಮೆಷಿನ್ ಇರಲಿಲ್ಲ. ಮನೆಯಲ್ಲಿ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್, ಅದರಲ್ಲಿ ಫ್ಯೂಷನ್ 360 ಅನ್ನುವ ಕ್ಯಾಮ್ ಸಾಫ್ಟ್‌ವೇರಿನ ಉಚಿತ ಲೈಸೆನ್ಸ್. 2020ರಲ್ಲಿ ಆ ಕಂಪನಿಯವರು ಉಚಿತ ಲೈಸೆನ್ಸಿನಿಂದ ರಾಪಿಡ್ (ಕತ್ತರಿಸದಾಗಿನ ವೇಗದ ಓಟ), ತಾನಾಗಿ ಆಗುವ ಟೂಲ್ ಚೇಂಜ್, 3+2 (ಎರಡು ಆಕ್ಸಿಸ್ ಓರೆ ಮಾಡಿ ನಿಲ್ಲಿಸಿ, ಉಳಿದ ಮೂರರಲ್ಲಿ ಕತ್ತರಿಸುವುದು) ಎಲ್ಲ ತೆಗೆದುಬಿಟ್ಟರು. ಸಾಫ್ಟ್‌ವೇರ್ ಕೊಡದಿದ್ದನ್ನು ಕೈಯಲ್ಲೇ ಬರೆಯಬೇಕಾಯಿತು. ಥರ್ಮಾಕೋಲ್ ತುಂಡನ್ನು ಜಾಬಿನ ಆಕಾರಕ್ಕೆ ಕತ್ತರಿಸಿ, ಒಂದೊಂದು ಮುಖಕ್ಕೂ ಪೆನ್ನಿನಲ್ಲಿ ಎಕ್ಸ್, ವೈ, ಝಡ್ ಬಾಣ ಬರೆದು, ತಿರುಗಿಸಿ ತಿರುಗಿಸಿ ಓರೆ ಮುಖಕ್ಕೆ ಎಕ್ಸ್, ವೈ, ಝಡ್ ತಿರುಗಿಸುವ ಜಿ68.2 ಕೋಡಿನ ಐ, ಜೆ, ಕೆ ಕೋನಗಳನ್ನು ಲೆಕ್ಕ ಹಾಕುತ್ತಿದ್ದೆ. ಮೊದಲು ಝಡ್ ಸುತ್ತ, ಆಮೇಲೆ ತಿರುಗಿದ ಎಕ್ಸ್ ಸುತ್ತ, ಮತ್ತೆ ಝಡ್ ಸುತ್ತ. ಈ ಕ್ರಮ ಕೈಗೆ ಕೂರದಿದ್ದರೆ ಮುಂದೆ ಏನೂ ಅರ್ಥವಾಗುವುದಿಲ್ಲ. ಇನ್ನೊಂದು ಮಾತು. ಐದೂ ಆಕ್ಸಿಸ್ ಒಟ್ಟಿಗೆ ಓಡುವ ಕೆಲಸಕ್ಕೆ ಹೆದರಿ ಎಷ್ಟೋ ಜನ ಈ ಕಡೆ ಬರುವುದೇ ಇಲ್ಲ. ನಾನು ನೋಡಿದ ಶಾಪುಗಳಲ್ಲಿ ಫೈವ್ ಆಕ್ಸಿಸ್ ಮೆಷಿನ್ ಮೇಲೆ ಆಗುವ ಕೆಲಸದಲ್ಲಿ ಬಹುಪಾಲು 3+2ವೇ.

ಖಾಲಿ ಕೆಲಸ ಎಲ್ಲಿದೆ ಅನ್ನುವುದು ಜಾಬ್ ಸೈಟುಗಳಿಗಿಂತ ಮೊದಲು ಟೂಲ್ ಕಂಪನಿಗಳ ಇಂಜಿನಿಯರುಗಳಿಗೆ ಗೊತ್ತಿರುತ್ತದೆ. ಯಾವ ಶಾಪಿಗೆ ಹೊಸ ಮೆಷಿನ್ ಬರುತ್ತಿದೆ, ಯಾರ ಪ್ರೋಗ್ರಾಮರ್ ಬಿಟ್ಟುಹೋದ, ಎಲ್ಲ ಗೊತ್ತು. ತುಮಕೂರು ರಸ್ತೆಯ ಬಿಐಇಸಿ ಪ್ರದರ್ಶನ ಕೇಂದ್ರದಲ್ಲಿ ಇಮ್‌ಟೆಕ್ಸ್ ಮೆಷಿನ್ ಟೂಲ್ ಮೇಳ ನಡೆದಾಗ ಕೆಟಲಾಗ್ ಬ್ಯಾಗು ತುಂಬಿಸಿಕೊಂಡು ಬರಬೇಡಿ. ನಿಮ್ಮ ಪುಸ್ತಕದ ಒಂದು ಪುಟ ತೋರಿಸಿ ಮಾತಾಡಿಸಿ. ನನ್ನ ಇಎನ್24 ಪುಟ ನೋಡಿದ ಒಬ್ಬ ಟೂಲ್ ಇಂಜಿನಿಯರ್ ದೇವನಹಳ್ಳಿ ಕಡೆಯ ಏರೋಸ್ಪೇಸ್ ಶಾಪಿನ ಪ್ರೊಡಕ್ಷನ್ ಹೆಡ್‌ಗೆ ಅಲ್ಲೇ ಫೋನ್ ಮಾಡಿದರು.

ಪುಸ್ತಕದಲ್ಲಿ ಕಸ್ಟಮರ್ ಡ್ರಾಯಿಂಗ್, ಪಾರ್ಟ್ ನಂಬರ್, ಫೋಟೋ ಯಾವುದೂ ಇರಬಾರದು. ನಾನು ಬರೀ ಕೈಯಲ್ಲಿ ಬರೆದ ಸ್ಕೆಚ್ ಇಟ್ಟಿದ್ದೆ. ಏರೋಸ್ಪೇಸ್‌ನವರು ಅದನ್ನೇ ಮೊದಲು ಗಮನಿಸಿದರು. ಹಳೇ ಕಂಪನಿಯ ಡ್ರಾಯಿಂಗ್ ತಂದು ತೋರಿಸುವವನು ನಾಳೆ ನಮ್ಮದನ್ನೂ ತೋರಿಸುತ್ತಾನೆ ಅಂತ ಅವರು ಲೆಕ್ಕ ಹಾಕುತ್ತಾರೆ, ಸರಿಯಾಗಿಯೇ.

ಇಂಟರ್‌ವ್ಯೂನಲ್ಲಿ ಓದಿನ ಮಾತು ಬಂದಾಗ, "ಸಾರ್, ಅರ್ಧ ದಿನ ಮೆಷಿನ್ ಕೊಡಿ, ನಿಮಗೆ ತೊಂದರೆ ಕೊಡ್ತಿರೋ ಜಾಬ್ ಕೊಡಿ" ಅಂತ ಕೇಳಿದೆ. ಕೊಟ್ಟರು. ಓರೆ ಮುಖಗಳಿದ್ದ ಹೌಸಿಂಗ್, ನಾಲ್ಕು ಸೆಟಪ್‌ನಲ್ಲಿ (ನಾಲ್ಕು ಸಲ ಬಿಚ್ಚಿ ಕಟ್ಟಿ) ಮಾಡುತ್ತಿದ್ದರು. 3+2ನಲ್ಲಿ ಎರಡೇ ಸೆಟಪ್‌ಗೆ ತಂದೆ. ಕಂಟ್ರೋಲ್ ಸೀಮೆನ್ಸ್ ಆಗಿತ್ತು. ಲಗ್ಗೆರೆಯ ಭಾನುವಾರಗಳು ಅಲ್ಲಿ ಕೈ ಹಿಡಿದವು.

ಸಂಬಳಕ್ಕೆ ಪೇ ಸ್ಲಿಪ್ ಕೇಳಿದರು. ಅದರ ಮೇಲೆ ಶೇಕಡಾ 30ರ ಆಸುಪಾಸು ಸೇರಿಸುವುದು ಅವರ ರೂಢಿ. ಆಗ ನನ್ನ ಸಂಬಳ 24 ಸಾವಿರ ಆಗಿತ್ತು, ಅವರು 32 ಅಂದರು. ನಾನು ಪುಸ್ತಕದ ಕೊನೆಯ ಕಾಲಮ್ ತಿರುಗಿಸಿ ಇಟ್ಟೆ. ಜೊತೆಗೆ ಒಂದು ಪ್ರಶ್ನೆ ಕೇಳಿದೆ. ಆ ಪ್ರಶ್ನೆ ನನ್ನ ಹತ್ತಿರವೇ ಇರಲಿ. 44ಕ್ಕೆ ಸೇರಿದೆ, ಉಳಿದದ್ದು ಆಮೇಲಿನ ವರ್ಷಗಳಲ್ಲಿ ಏರಿತು.

ಕೆಲಸ ಬಿಡುವಾಗ ಎರಡು ವಿಷಯ ನೋಡಿಕೊಳ್ಳಿ. ಪಿಎಫ್ ದುಡ್ಡು ತೆಗೆಯಬೇಡಿ, ಪಿಎಫ್‌ನ ಯುಎಎನ್ ನಂಬರ್ ಮೂಲಕ ಹೊಸ ಕಂಪನಿಗೆ ವರ್ಗಾಯಿಸಿ. ಐದು ವರ್ಷ ತುಂಬುವ ಮೊದಲು ತೆಗೆದರೆ ತೆರಿಗೆಯೂ ಬೀಳಬಹುದು. ಒಂದೇ ಕಂಪನಿಯಲ್ಲಿ ಐದು ವರ್ಷಕ್ಕೆ ಹತ್ತಿರವಿದ್ದರೆ ಗ್ರಾಚ್ಯುಟಿ ಲೆಕ್ಕ ಹಾಕಿ ಆಮೇಲೆ ರಾಜೀನಾಮೆ ಕೊಡಿ. ಬೇಸಿಕ್ ಮತ್ತು ಡಿಎ ಸೇರಿಸಿ, 26ರಿಂದ ಭಾಗಿಸಿ, 15ರಿಂದ ಗುಣಿಸಿ, ಮತ್ತೆ ವರ್ಷದಿಂದ ಗುಣಿಸಿ. ನನಗೆ ಐದು ತುಂಬಲು ಕೆಲವೇ ವಾರ ಬಾಕಿ ಇತ್ತು. ಹೊಸ ಕಂಪನಿಯವರನ್ನು ಕೇಳಿ ಸೇರುವ ದಿನ ಮುಂದಕ್ಕೆ ಹಾಕಿಸಿಕೊಂಡೆ. ಆ ದುಡ್ಡಿನಲ್ಲಿ ಕೋರ್ಸಿಗೆ ಎತ್ತಿದ್ದ ಚೀಟಿ ಬಾಕಿ ತೀರಿಸಿದೆ.