ಫ್ಲಾಪ್ ತೆಗೆದ ಜಾಗ ಮುಚ್ಚುವುದು ಹೇಗೆ? ಎಳೆತವನ್ನು ಒಳಹೊಲಿಗೆ ಹೊರಲಿ

ಫ್ಲಾಪ್, ಅಂದರೆ ಗಾಯ ಮುಚ್ಚಲು ದೇಹದ ಇನ್ನೊಂದು ಕಡೆಯಿಂದ ರಕ್ತನಾಳದ ಸಮೇತ ತಂದ ಚರ್ಮದ ತುಂಡು, ಕೂರಿಸಿ ಆಯಿತು, ರಕ್ತ ಓಡುತ್ತಿದೆ, ಎಲ್ಲರ ಕಣ್ಣೂ ಅಲ್ಲೇ. ಚರ್ಮ ಕೊಟ್ಟ ತೊಡೆಯನ್ನು ಮುಚ್ಚುವ ಕೆಲಸ ಕಿರಿಯ ವೈದ್ಯರ ಪಾಲಿಗೆ ಬರುತ್ತದೆ, ಅದೂ ಎಲ್ಲರೂ ದಣಿದ ಹೊತ್ತಿನಲ್ಲಿ. ದಪ್ಪ ನೈಲಾನ್ ಹಾಕಿ ಅಂಚುಗಳನ್ನು ಎಳೆದು ಕಟ್ಟಿಬಿಡುತ್ತಾರೆ. ಹತ್ತು ದಿನ ಕಳೆಯುವಷ್ಟರಲ್ಲಿ ಗಾಯ ನಡುವೆ ಬಾಯಿ ಬಿಟ್ಟಿರುತ್ತದೆ. ಇದನ್ನು ನೋಡಿ ನೋಡಿ ಬೇಸತ್ತು, ಕಿರಿಯರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಮೊದಲ ಹೆಜ್ಜೆ ಕತ್ತರಿಸುವುದಕ್ಕೂ ಮುಂಚೆ. ಚರ್ಮವನ್ನು ಎರಡು ಬೆರಳಲ್ಲಿ ಚಿವುಟಿ ನೋಡಿ. ತೊಡೆಯಲ್ಲಿ ಫ್ಲಾಪಿನ ಅಗಲ ಸುಮಾರು 8 ಸೆಂ.ಮೀ. ಒಳಗಿದ್ದರೆ ಹೆಚ್ಚಿನವರಲ್ಲಿ ನೇರವಾಗಿ ಹೊಲಿಯಬಹುದು. ಆದರೂ ಅಳತೆಗಿಂತ ನಿಮ್ಮ ಬೆರಳನ್ನೇ ನಂಬಿ. ಮುಂಗೈಯಲ್ಲಿ ಅಗಲದ ಫ್ಲಾಪ್ ಆದರೆ ಸುಮ್ನೆ ಎಳೆದಾಡಬೇಡಿ, ಚರ್ಮದ ಗ್ರಾಫ್ಟ್ (ಬೇರೆ ಕಡೆಯಿಂದ ತೆಗೆದ, ರಕ್ತನಾಳವಿಲ್ಲದ ಬರಿ ಚರ್ಮ) ಹಾಕಿ. ಅಲ್ಲಿ ಸ್ನಾಯುರಜ್ಜುಗಳ ಮೇಲಿನ ತೆಳು ಪೊರೆ ಉಳಿದಿರಬೇಕು, ಅದು ಹೋದರೆ ಗ್ರಾಫ್ಟ್ ಹಿಡಿಯುವುದು ಕಷ್ಟ.

ರಕ್ತ ನಿಲ್ಲಿಸಿ, ಅಂಚುಗಳನ್ನು ಕೊಬ್ಬಿನ ಅಡಿಯಲ್ಲಿ ಸ್ವಲ್ಪ ಬಿಡಿಸಿ, ಒಳಗೆ ಸೇರುವ ನೀರು ಹೊರಹೋಗಲು ಡ್ರೇನ್ ಕೊಳವೆ ಇಡಿ. ಜಾಸ್ತಿ ಬಿಡಿಸಿದರೆ ಅಂಚಿಗೆ ರಕ್ತ ಕೊಡುವ ಸಣ್ಣ ನಾಳಗಳು ತುಂಡಾಗುತ್ತವೆ, ನೀರು ತುಂಬಲೂ ಜಾಗವಾಗುತ್ತದೆ.

ಈಗ ಕೆಲಸ ಕೆಡುವ ಜಾಗ, ಒಳಹೊಲಿಗೆ. ಮೂರು ವಾರದ ಗಾಯಕ್ಕೆ ಮೂಲ ಚರ್ಮದ ಸುಮಾರು 20% ಬಲ ಮಾತ್ರ ಬಂದಿರುತ್ತದೆ. ಅಲ್ಲಿಯತನಕ ಭಾರ ಹೊರಬೇಕಾದ್ದು ದಾರ. ಹಾಗಾಗಿ ನಿಧಾನವಾಗಿ ಕರಗುವ ಪಿಡಿಎಸ್ ದಾರ, ದಪ್ಪ 2-0 ಇಲ್ಲವೇ 3-0, ಅದನ್ನೇ ಬಳಸಿ. ಎರಡೇ ವಾರಕ್ಕೆ ಬಲ ಕಳೆದುಕೊಳ್ಳುವ ಬೇಗ ಕರಗುವ ದಾರಗಳು ಇಲ್ಲಿ ಬೇಡವೇ ಬೇಡ. ಗಾಯದ ಎರಡು ತುದಿಯಿಂದ ಶುರು ಮಾಡಿ ನಡುವಿಗೆ ಬನ್ನಿ, ಒಂದೊಂದು ಹೊಲಿಗೆಗೂ ನಡುವಿನ ಎಳೆತ ಇಳಿಯುತ್ತಾ ಹೋಗುತ್ತದೆ. ಸೂಜಿ ಒಂದು ಅಂಚಿನಲ್ಲಿ ಕೆಳಗಿನಿಂದ ಮೇಲೆ ಬಂದು ಡರ್ಮಿಸನ್ನು (ಚರ್ಮದ ಗಟ್ಟಿ ಒಳಪದರವನ್ನು) ಗಟ್ಟಿಯಾಗಿ ಹಿಡಿಯಲಿ, ಎದುರಿನ ಅಂಚಿನಲ್ಲಿ ಮೇಲಿನಿಂದ ಕೆಳಗೆ ಇಳಿಯಲಿ. ಗಂಟು ಅಡಿಯಲ್ಲಿ ಕೂರುತ್ತದೆ. ಗಂಟು ಹಾಕುವಾಗ ಸಹಾಯಕರು ಎರಡು ಅಂಗೈಯಿಂದ ಅಂಚುಗಳನ್ನು ಒತ್ತಿ ಹತ್ತಿರ ತರಬೇಕು. ದಾರದಿಂದಲೇ ಎಳೆದರೆ ಅದು ಡರ್ಮಿಸನ್ನು ಸೀಳಿಕೊಂಡು ಹೊರಬರುತ್ತದೆ. ಮಾಂಸದ ಮೇಲಿನ ಗಟ್ಟಿ ಹೊದಿಕೆಯನ್ನು ಬಿಗಿದು ಹೊಲಿಯಲೇಬೇಡಿ, ಒಳಗೆ ಒತ್ತಡ ಏರುತ್ತದೆ.

ಒಳಹೊಲಿಗೆ ಮುಗಿದಾಗ ಅಂಚುಗಳು ತಾವಾಗಿ ಮುಟ್ಟಿಕೊಂಡಿರಬೇಕು. ನಡುವೆ ಬೆರಳು ತೂರುವಷ್ಟು ಸಂದು ಇದೆಯಾ? ಹಾಗಾದರೆ ಇನ್ನೆರಡು ಹೊಲಿಗೆ ಒಳಗೇ ಹಾಕಿ. ಅಂಚು ಬೆಳ್ಳಗಾಗಿ ಕೆಲವು ನಿಮಿಷದಲ್ಲಿ ಬಣ್ಣ ಮರಳದಿದ್ದರೆ ಬಿಚ್ಚಿ. ಆದಷ್ಟು ಮುಚ್ಚಿ, ಉಳಿದ ಜಾಗಕ್ಕೆ ಗ್ರಾಫ್ಟ್ ಹಾಕಿ. ಅದು ಸೋಲಲ್ಲ. ಹಣೆಯ ಫ್ಲಾಪಿನಲ್ಲಂತೂ ಕೂದಲಿನ ಗಡಿಯ ಹತ್ತಿರ ಮುಚ್ಚಲಾಗದ ಭಾಗವನ್ನು ಹಾಗೇ ಬಿಟ್ಟರೂ ತಾನಾಗಿ ಮಾಯುತ್ತದೆ, ಕಲೆಯೂ ಸಾಮಾನ್ಯವಾಗಿ ಚೆನ್ನಾಗೇ ಕೂರುತ್ತದೆ.

ಚರ್ಮಕ್ಕೆ ಸಣ್ಣ ದಾರ ಸಾಕು. ಸಮಯ ಉಳಿಸಲು ಅಂಟು ಹಚ್ಚುವವರಿದ್ದಾರೆ. ಒಳಪದರ ಎಳೆತ ಹೊತ್ತಿದ್ದರೆ ಸರಿ, ಇಲ್ಲದಿದ್ದರೆ ಅಂಟು ಏನನ್ನೂ ಹಿಡಿದಿಡುವುದಿಲ್ಲ.

ಡ್ರೇನಿನಲ್ಲಿ ದಿನಕ್ಕೆ 30 ಮಿ.ಲೀ. ಗಿಂತ ಕಡಿಮೆ ಬಂದ ಮೇಲೆ ತೆಗೆಯಿರಿ. ಶಸ್ತ್ರಚಿಕಿತ್ಸೆಯಾದ ರಾತ್ರಿಯೇ ಒಮ್ಮೆ ನೀವೇ ಹೋಗಿ ಕಾಲು ಮುಟ್ಟಿ ನೋಡಿ. ತೊಡೆ ಕಲ್ಲಿನಂತೆ ಬಿಗಿದಿದ್ದು, ಮಂಡಿ ಮಡಿಸಿದಾಗ ಔಷಧಿಗೂ ಬಗ್ಗದ ನೋವಿದ್ದರೆ ಬೆಳಗಿನ ತನಕ ಕಾಯಬೇಡಿ, ಹಿರಿಯರನ್ನು ಕರೆದು ಹೊಲಿಗೆ ಬಿಚ್ಚಿಸಿ.