ಟ್ಯಾಂಕಿಗೆ ಮಲ್ಪೆಯ ತುಕ್ಕು ಹಚ್ಚಬೇಡಿ

ನಮ್ಮ ಕರಾವಳಿಯವರು ಪ್ಲಾಸ್ಟಿಕ್ ಕಿಟ್ ಜೋಡಿಸಿ ಮಾಡಿದ ಯುದ್ಧ ಟ್ಯಾಂಕಿನ ಮಾಡೆಲ್ ನೋಡಿದರೆ ದೂರದಿಂದಲೇ ಗೊತ್ತಾಗುತ್ತದೆ. ತುಕ್ಕು ಜಾಸ್ತಿ. ಬೋಲ್ಟಿನಿಂದ ತುಕ್ಕು, ಬಾಗಿಲಿನಿಂದ ತುಕ್ಕು, ಗನ್ನಿನ ಬುಡದಲ್ಲೂ ತುಕ್ಕು. ಪಾಪ, ನಾವು ನೋಡಿ ಬೆಳೆದದ್ದೇ ಅದು ಅಲ್ವಾ? ಮಂಗಳೂರಿನಲ್ಲಿ ಪೇಂಟ್ ಹೊಡೆಸಿದ ಕಿಟಕಿ ಸರಳು ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಗುಳ್ಳೆ ಏಳುತ್ತದೆ. ಮಲ್ಪೆ ಬಂದರಿಗೆ ಹೋದರೆ ಬೋಟಿನ ಮೈಮೇಲೆ ಒಂದೊಂದು ಕಬ್ಬಿಣದ ತುಂಡಿನಿಂದಲೂ ಕೇಸರಿ ಗೆರೆ ಇಳಿದಿರುತ್ತದೆ. ಆದರೆ ಅದು ಉಪ್ಪುನೀರಿನ ತುಕ್ಕು. ದಿನಾ ಓಡುವ, ಸೈನಿಕರು ದಿನಾ ಒರೆಸಿ ಎಣ್ಣೆ ಬಿಡುವ ಟ್ಯಾಂಕಿನಲ್ಲಿ ಅಂಥದ್ದು ಕಾಣುವುದಿಲ್ಲ.

ಹಾಗಾಗಿ ಬ್ರಷ್ ಹಿಡಿಯುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಈ ಗಾಡಿ ಎಲ್ಲಿತ್ತು, ಯಾವ ತಿಂಗಳಲ್ಲಿತ್ತು? ಉತ್ತರ ಸಿಕ್ಕಿದರೆ ಅರ್ಧ ಕೆಲಸ ಆದ ಹಾಗೆ. ಇಲ್ಲಿ ನಾನು ಉದಾಹರಣೆಗೆ 1/35 ಸ್ಕೇಲಿನ, ಅಂದರೆ ನಿಜವಾದದ್ದರ 35ನೇ ಒಂದು ಅಳತೆಯ, ಸೋವಿಯತ್ ಟ್ಯಾಂಕು ಟಿ-55 ತೆಗೆದುಕೊಳ್ಳುತ್ತೇನೆ. 1971ರ ಡಿಸೆಂಬರ್, ಪಾಕಿಸ್ತಾನದ ಜೊತೆ ಯುದ್ಧ ನಡೆದಾಗ ಜಮ್ಮು ಗಡಿಯ ಛಂಬ್ ಕಡೆ ಇದ್ದ ಭಾರತದ ಟ್ಯಾಂಕು. ಒಂದೇ ಹಸಿರು ಬಣ್ಣ, ಚಳಿಗಾಲದ ಒಣ ಧೂಳು. ಮೊದಲ ಸಲ ಮಾಡುವವರಿಗೆ ಇದಕ್ಕಿಂತ ಒಳ್ಳೆಯ ವಿಷಯ ಸಿಗಲಿಕ್ಕಿಲ್ಲ.

ಜೋಡಿಸಿದ ಮೇಲೆ ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ಹಳೆ ಹಲ್ಲುಜ್ಜುವ ಬ್ರಷ್‌ನಿಂದ ಒಮ್ಮೆ ಮೆಲ್ಲಗೆ ತಿಕ್ಕಿ ತೊಳೆಯಿರಿ. ಅಚ್ಚಿನ ಎಣ್ಣೆ, ಕೈ ಜಿಡ್ಡು ಹೋಗದಿದ್ದರೆ ಬಣ್ಣ ಹಿಡಿಯುವುದಿಲ್ಲ. ಆಮೇಲೆ ಬಣ್ಣ ಹಿಡಿಯಲು ಮೊದಲು ಹೊಡೆಯುವ ಪದರ, ಪ್ರೈಮರ್. ಬೂದು ಬಣ್ಣದ್ದು ಸಾಕು.

ಇಲ್ಲಿ ನಮ್ಮ ಊರಿನ ದೊಡ್ಡ ತಾಪತ್ರಯ ಶುರುವಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಲ್ಲೇ ನೀರು. ಲ್ಯಾಕರ್ ಪ್ರೈಮರನ್ನು ಧೋ ಅಂತ ಮಳೆ ಸುರಿಯುವ ದಿನ ಸ್ಪ್ರೇ ಮಾಡಿದರೆ ಥಿನ್ನರ್ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ನೀರು ಅದರ ಮೇಲೆ ಕೂರುತ್ತದೆ, ಬಣ್ಣದ ಮೇಲೆ ಬಿಳಿ ಮಂಜು ಹಿಡಿದ ಹಾಗೆ ಆಗುತ್ತದೆ. ಜೋರು ಮಳೆಯ ಆಟಿ ತಿಂಗಳಲ್ಲಿ ಜೋಡಿಸುವ ಕೆಲಸ ಮಾಡಿ, ಮಳೆ ಬಿಟ್ಟು ಬಿಸಿಲು ಬಿದ್ದ ದಿನ ಸ್ಪ್ರೇ ಮಾಡಿ. ಸ್ಪ್ರೇ ಡಬ್ಬಿಯನ್ನು ಐದು ನಿಮಿಷ ಉಗುರುಬೆಚ್ಚನೆ ನೀರಿನಲ್ಲಿಟ್ಟರೆ ಹನಿ ಸಣ್ಣದಾಗಿ ಬರುತ್ತದೆ. ಉಗುರುಬೆಚ್ಚನೆ ಅಂದರೆ ಉಗುರುಬೆಚ್ಚನೆಯೇ, ಸ್ಟವ್ ಹತ್ತಿರ ಮಾತ್ರ ಒಯ್ಯಬೇಡಿ. ಕಿಟಕಿ ತೆರೆದಿರಲಿ, ಮಾಸ್ಕ್ ಇರಲಿ. ಕಿಟ್ಟಿನ ಡೆಕಲ್, ಅಂದರೆ ಮಾಡೆಲಿಗೆ ಅಂಟಿಸುವ ಅಂಕೆ, ಗುರುತುಗಳ ಹಾಳೆಯನ್ನೂ ಮಳೆಗಾಲದಲ್ಲಿ ಹಪ್ಪಳ ಇಟ್ಟ ಹಾಗೆ ಗಾಳಿ ಆಡದ ಡಬ್ಬಿಯಲ್ಲಿ ಇಡಿ.

ಇನ್ನೊಂದು, ಹಾರ್ಡ್‌ವೇರ್ ಅಂಗಡಿಯ ಎನ್‌ಸಿ ಥಿನ್ನರ್ ಅಗ್ಗ ಅಂತ ಮಾಡೆಲಿಗೆ ತಾಗಿಸಬೇಡಿ. ಪ್ಲಾಸ್ಟಿಕ್ ಕರಗುತ್ತದೆ. ನೈಲ್ ಪಾಲಿಶ್ ರಿಮೂವರ್ ಕಥೆಯೂ ಅದೇ. ಅದೇ ಅಂಗಡಿಯ ಟರ್ಪಂಟೈನ್ ಮಾತ್ರ ನಮಗೆ ಬೇಕು, ಅದು ಮುಂದೆ ಬರುತ್ತದೆ.

ಬುಡದ ಹಸಿರಿಗೆ ತಮಿಯಾ ಕಂಪೆನಿಯ ಅಕ್ರಿಲಿಕ್ ಬಣ್ಣ ಆದರೆ ಡಬ್ಬಿಯ ಮೇಲೆ ಎಕ್ಸ್‌ಎಫ್-61 ಅಥವಾ ಎಕ್ಸ್‌ಎಫ್-58 ಸುತ್ತಮುತ್ತ ಹುಡುಕಿ. ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಏರ್‌ಬ್ರಷ್ ಇದ್ದವರು ಅದರದ್ದೇ ಥಿನ್ನರ್ ಸರಿಸಮ ಹಾಕಿ, 15ರಿಂದ 20 ಪಿಎಸ್‌ಐ ಒತ್ತಡದಲ್ಲಿ ತೆಳ್ಳಗೆ ಎರಡು ಮೂರು ಸಲ ಹೊಡೆಯಿರಿ. ಏರ್‌ಬ್ರಷ್ ಇಲ್ಲದವರು ಬೇಜಾರು ಮಾಡಬೇಡಿ, ಆದರೆ ತಮಿಯಾ ಬಣ್ಣ ಕೈಬ್ರಷ್‌ಗೆ ಹಠ ಮಾಡುತ್ತದೆ. ಎರಡನೇ ಸಲ ಎಳೆಯುವಾಗ ಕೆಳಗಿನದ್ದೂ ಎದ್ದು ಬರುತ್ತದೆ. ಕೈಬ್ರಷ್‌ಗೆ ವ್ಯಾಲೆಹೊ ಕಂಪೆನಿಯ ಬಣ್ಣ ಒಳ್ಳೆಯದು, ಸ್ವಲ್ಪ ನೀರು ಸೇರಿಸಿ, ಒಂದು ಪದರ ಪೂರ್ತಿ ಆರಿದ ಮೇಲೆ ಇನ್ನೊಂದು.

ಡಬ್ಬಿಯ ಬಣ್ಣವನ್ನೇ ನೇರ ಹಚ್ಚಿದರೆ ಚಿಕ್ಕ ಮಾಡೆಲ್ ಮೇಲೆ ಅದು ತೀರಾ ಕಪ್ಪಾಗಿ ಕಾಣುತ್ತದೆ. ನಿಜವಾದ ಟ್ಯಾಂಕನ್ನು ನಾವು ದೂರದಿಂದ, ಬಿಸಿಲಲ್ಲಿ ನೋಡುತ್ತೇವೆ. ಅದಕ್ಕೆ ಬಣ್ಣ ಸ್ವಲ್ಪ ತಿಳಿ ಮಾಡಬೇಕು. ಬಿಳಿ ಹಾಕಬೇಡಿ, ಹಸಿರು ಸುಣ್ಣ ಬಳಿದ ಹಾಗೆ ಸಪ್ಪೆಯಾಗುತ್ತದೆ. ತಿಳಿ ಮಣ್ಣಿನ ಬಣ್ಣದ ಬಫ್ ಅಥವಾ ಡಾರ್ಕ್ ಯೆಲ್ಲೋ ಹಾಕಿ. ಬುಡದ ಬಣ್ಣ ಆರಿದ ಮೇಲೆ ಈ ತಿಳಿ ಮಿಶ್ರಣವನ್ನು ಬಿಸಿಲು ಬೀಳುವ ಜಾಗಗಳಿಗೆ, ಅಂದರೆ ಗನ್ ಇರುವ, ತಿರುಗುವ ಟರೆಟ್ಟಿನ ತಲೆ, ಕೆಳಗಿನ ಒಡಲಾದ ಹಲ್‌ನ ಮೇಲ್ಭಾಗ, ಹತ್ತಿ ಇಳಿಯುವ ಬಾಗಿಲುಗಳಾದ ಹ್ಯಾಚ್‌ಗಳಿಗೆ ಕೊಡಿ. ಟಿ-55ರ ಟರೆಟ್ಟು ಗುಮ್ಮಟದ ಆಕಾರದಲ್ಲಿದೆ, ಆದ್ದರಿಂದ ಮೇಲಿನಿಂದ ಕೆಳಗೆ ಬರುತ್ತಾ ನೆರಳು ತಾನಾಗಿಯೇ ಹಸನಾಗಿ ಕೂರುತ್ತದೆ. ಡಬ್ಬದಂಥ ಜರ್ಮನ್ ಟ್ಯಾಂಕುಗಳಲ್ಲಿ ಇಷ್ಟು ಸುಲಭ ಇಲ್ಲ.

ಡೆಕಲ್ ಹಾಕುವ ಜಾಗಕ್ಕೆ ಮೊದಲು ಹೊಳಪಿನ (ಗ್ಲಾಸಿ) ವಾರ್ನಿಷ್. ಒರಟು ಮೇಲ್ಮೈ ಮೇಲೆ ಹಾಕಿದರೆ ಡೆಕಲಿನ ಕೆಳಗೆ ಗಾಳಿ ಸಿಕ್ಕಿಕೊಂಡು ಬೆಳ್ಳಗೆ ಮಿನುಗುತ್ತದೆ. ಡೆಕಲ್ ಕೂತ ಮೇಲೆ ಇಡೀ ಮಾಡೆಲಿಗೆ ಇನ್ನೊಂದು ಕೋಟ್ ವಾರ್ನಿಷ್ ಕೊಟ್ಟು ಎರಡು ದಿನ ಮುಟ್ಟದೆ ಇಡಿ. ಇದನ್ನು ಬಿಟ್ಟುಬಿಡುವವರು ಇದ್ದಾರೆ. ಆದರೆ ಬರಿ ಪ್ಲಾಸ್ಟಿಕ್ಕಿಗೆ ಟರ್ಪಂಟೈನ್ ಇಳಿದರೆ ಅಂಟಿಸಿದ ಜಾಗಗಳಲ್ಲಿ ಪ್ಲಾಸ್ಟಿಕ್ ಬಿರುಕು ಬಿಡುತ್ತದೆ, ಚಕ್ರದ ಅಚ್ಚು ಟಪ್ ಅಂತ ಮುರಿದು ಕೈಗೆ ಬರುತ್ತದೆ.

ಇನ್ನು ನನಗೆ ಅತಿ ಇಷ್ಟದ ಭಾಗ, ವಾಶ್, ಅಂದರೆ ಸಂದಿಗಳಲ್ಲಿ ನೆರಳು ಕಟ್ಟುವ ತೆಳು ಕಡು ಬಣ್ಣ. ಇದಕ್ಕೆ ದುಬಾರಿ ಬಾಟಲಿ ಬೇಡ. ಸ್ಟೇಷನರಿ ಅಂಗಡಿಯಲ್ಲಿ ಸಿಗುವ ಆಯಿಲ್ ಕಲರ್ ಟ್ಯೂಬ್ ಸಾಕು, ಬರ್ನ್ಟ್ ಅಂಬರ್ ಮತ್ತು ಕಪ್ಪು. ಒಂದು ತುಂಡು ರಟ್ಟಿನ ಮೇಲೆ ಕಡಲೆಯಷ್ಟು ಹಿಂಡಿ ಅರ್ಧ ಗಂಟೆ ಬಿಡಿ. ರಟ್ಟು ಅದರ ಎಣ್ಣೆ ಹೀರಿಕೊಂಡು ಸುತ್ತ ಒಂದು ಜಿಡ್ಡಿನ ವೃತ್ತ ಮೂಡುತ್ತದೆ. ಎಣ್ಣೆ ಹೋದ ಬಣ್ಣ ಬೇಗ ಆರುತ್ತದೆ, ಹೊಳೆಯುವುದೂ ಇಲ್ಲ. ಅದನ್ನು ಟರ್ಪಂಟೈನ್‌ನಲ್ಲಿ ಕಲಸಿ ತೆಳು ಕಾಫಿ ಬಣ್ಣಕ್ಕೆ ತನ್ನಿ. ಸಣ್ಣ ಬ್ರಷ್‌ನ ತುದಿ ಅದ್ದಿ ಬೋಲ್ಟಿನ ಬುಡಕ್ಕೆ ಒಂದೇ ಒಂದು ಸಲ ತಾಗಿಸಿ, ಕೈ ತೆಗೆಯಿರಿ. ಬಣ್ಣ ತಾನೇ ಬೋಲ್ಟಿನ ಸುತ್ತ ಓಡಿ ಕಪ್ಪು ಉಂಗುರ ಕಟ್ಟುತ್ತದೆ. ಹ್ಯಾಚಿನ ಗೆರೆ, ವೆಲ್ಡಿಂಗ್ ಗೆರೆ, ಇಂಜಿನ್ ಡೆಕ್ಕಿನ ಜಾಲರಿಗೂ ಹಾಗೆಯೇ. ಇಪ್ಪತ್ತು ನಿಮಿಷ ಬಿಟ್ಟು ಬರಿ ಟರ್ಪಂಟೈನ್ ತಾಗಿಸಿ ಒರೆಸಿಕೊಂಡ ಬ್ರಷ್‌ನಿಂದ ಹೆಚ್ಚಾದದ್ದನ್ನು ಎಳೆದು ತೆಗೆಯಿರಿ. ನಿಂತ ಗೋಡೆಗಳಲ್ಲಿ ಮೇಲಿನಿಂದ ಕೆಳಕ್ಕೆ ಎಳೆದರೆ ಮಳೆ ಇಳಿದ ಗೆರೆಯೂ ಅದರಲ್ಲೇ ಸಿಗುತ್ತದೆ. ಇಡೀ ಟ್ಯಾಂಕನ್ನು ವಾಶ್‌ನಲ್ಲಿ ಮುಳುಗಿಸಿ ತೆಗೆಯುವ ಅಭ್ಯಾಸ ಸಾಕು ಮಾರಾಯ್ರೆ, ಅದರಿಂದ ಬರುವುದು ಕೊಳೆ ಮಾತ್ರ.

ಬಣ್ಣ ಕಿತ್ತ ಗುರುತು ಮಾಡುವಾಗ ಒಂದು ಲೆಕ್ಕ ನೆನಪಿರಲಿ. 1/35ರಲ್ಲಿ ಒಂದು ಮಿಲಿಮೀಟರ್ ಗೀರು ಅಂದರೆ ನಿಜವಾದ ಟ್ಯಾಂಕಿನಲ್ಲಿ ಮೂರೂವರೆ ಸೆಂಟಿಮೀಟರ್ ಅಗಲದ ಗಾಯ. ಕಿಟ್ಟಿನ ಪ್ಯಾಕಿಂಗ್ ಸ್ಪಂಜಿನ ತುಂಡು ಹರಿದು, ಬಣ್ಣಕ್ಕೆ ತಾಗಿಸಿ, ಮುಕ್ಕಾಲು ಪಾಲು ಕಾಗದದ ಮೇಲೆ ಒತ್ತಿ ತೆಗೆದು, ಉಳಿದದ್ದನ್ನು ಮಾತ್ರ ಮಾಡೆಲಿಗೆ ಮುಟ್ಟಿಸಿ. ಮೊದಲು ಬುಡದ ಹಸಿರಿನ ತಿಳಿ ಛಾಯೆ, ಅದು ಮೇಲ್ಪದರ ಮಾತ್ರ ಗೀಚಿದ ಗುರುತು. ಅದರೊಳಗೆ ಅಲ್ಲೊಂದು ಇಲ್ಲೊಂದು ಕಡು ಕಂದು, ಅದು ಉಕ್ಕು ಕಂಡ ಜಾಗ. ಕೇಸರಿ ಬೇಡ. ಕೇಸರಿ ಹೊಸ ತುಕ್ಕು, ಹಳೆಯದಾದ ಹಾಗೆ ಅದು ಕಪ್ಪು ಕಂದಾಗುತ್ತದೆ.

ಎಲ್ಲಿ ಹಾಕಬೇಕು? ಮನುಷ್ಯರು ಮುಟ್ಟುವಲ್ಲಿ. ನಾಲ್ಕು ಜನ ದಿನಾ ಬೂಟು ಹಾಕಿ ಹತ್ತಿ ಇಳಿಯುತ್ತಾರೆ. ಡ್ರೈವರ್ ಕೂರುವುದು ಎಡಗಡೆ ಮುಂದೆ, ಅವನ ಹ್ಯಾಚಿನ ಅಂಚು, ಅಲ್ಲಿಗೆ ಹತ್ತುವ ಫೆಂಡರ್ (ಚಕ್ರಗಳ ಮೇಲಿನ ತಗಡು), ಟರೆಟ್ಟಿನ ಎರಡು ಹ್ಯಾಚು, ಕೈ ಹಿಡಿಯುವ ಸರಳು ಸವೆದಿರಬೇಕು. ಸರಳಿಗೆ 4ಬಿ ಪೆನ್ಸಿಲ್ ಒಮ್ಮೆ ಉಜ್ಜಿದರೆ ಕೈ ಸವೆದ ಉಕ್ಕಿನ ಹೊಳಪು ಬಂದುಬಿಡುತ್ತದೆ. ಟರೆಟ್ಟಿನ ಬದಿಯಲ್ಲಿ ಯಾರೂ ನಡೆಯುವುದಿಲ್ಲ, ಅಲ್ಲಿ ಸುಮ್ನೆ ಚುಕ್ಕೆ ಇಡಬೇಡಿ.

ಫೆಂಡರ್ ತೆಳು ತಗಡು, ಎಲ್ಲಿಗಾದರೂ ತಾಗಿ ಬಗ್ಗಿರುತ್ತದೆ. ಅಲ್ಲಿ ಹೇರ್‌ಸ್ಪ್ರೇ ವಿಧಾನ ಚೆನ್ನಾಗಿ ಒಪ್ಪುತ್ತದೆ. ಅದನ್ನು ಮಾಡುವುದಾದರೆ ಹಸಿರಿಗಿಂತ ಮೊದಲೇ ತಯಾರಿ ಬೇಕು: ಕಂದು ಬಣ್ಣ, ಆರಿದ ಮೇಲೆ ಬ್ಯೂಟಿ ಪಾರ್ಲರಿನ ಸಾಮಾನ್ಯ ಹೇರ್‌ಸ್ಪ್ರೇ ಎರಡು ತೆಳು ಪದರ, ಅದರ ಮೇಲೆ ತಮಿಯಾ ಹಸಿರು. ಹಸಿರು ಒಣಗಿದ ಅದೇ ದಿನ ನೀರು ತಾಗಿಸಿ, ಒಂದು ನಿಮಿಷ ನೆನೆಯಲು ಬಿಟ್ಟು ಗಟ್ಟಿ ಬ್ರಷ್‌ನಿಂದ ಕುಟ್ಟಿದರೆ ಹಸಿರು ನಿಜವಾಗಿ ಕಿತ್ತು ಬರುತ್ತದೆ. ಸಾಕೆನಿಸಿದ ಕೂಡಲೇ ನಿಲ್ಲಿಸಿ ವಾರ್ನಿಷ್ ಹಾಕಿ.

ಹಾಗಾದರೆ ತುಕ್ಕು ಎಲ್ಲೂ ಬೇಡವಾ? ಬೇಕು, ಎರಡು ಜಾಗದಲ್ಲಿ. ಒಂದು ಎಕ್ಸಾಸ್ಟ್. ಟಿ-55ರದ್ದು ಎಡಗಡೆಯ ಫೆಂಡರ್ ಮೇಲೆ ಹಿಂದಕ್ಕಿದೆ. ಬಿಸಿಗೆ ಅಲ್ಲಿ ಬಣ್ಣ ನಿಲ್ಲುವುದಿಲ್ಲ, ಕಂದು ಮೇಲೆ ಕೇಸರಿ ಹುಡಿ ತಟ್ಟಬಹುದು, ಇಲ್ಲಿ ನಿಮ್ಮ ಮಲ್ಪೆ ಆಸೆ ತೀರಿಸಿಕೊಳ್ಳಿ. ಆದರೆ ಈ ಟ್ಯಾಂಕಿಗೆ ಇನ್ನೊಂದು ಗುಣ ಇದೆ. ಹೊಗೆಯ ಮರೆ ಬೇಕಾದಾಗ ಬಿಸಿ ಎಕ್ಸಾಸ್ಟಿನೊಳಗೆ ಡೀಸೆಲ್ ಚಿಮ್ಮಿಸಿ ದಟ್ಟ ಹೊಗೆ ಎಬ್ಬಿಸುತ್ತದೆ. ಹಾಗಾಗಿ ಎಡಗಡೆಯ ಹಿಂದಿನ ಫೆಂಡರ್, ಹಲ್‌ನ ಬದಿ, ಕೊನೆಯ ಚಕ್ರದ ಸುತ್ತ ಎಣ್ಣೆ ಮಸಿ ಹಿಡಿದಿರುತ್ತದೆ. ಕಪ್ಪು ಹುಡಿ ತಟ್ಟಿ ಅದರ ಮೇಲೆ ಎಣ್ಣೆಬಣ್ಣದ ಒಂದೆರಡು ಚುಕ್ಕೆ ಎಳೆಯಿರಿ. ಬಲಗಡೆಯ ಫೆಂಡರಿನಲ್ಲಿ ಇಂಧನದ ಡಬ್ಬಗಳು. ಅವುಗಳ ಮುಚ್ಚಳದ ಸುತ್ತ ಚೆಲ್ಲಿದ ಡೀಸೆಲ್ಲಿನ ಕಲೆ, ಧೂಳು ಹಿಡಿದು ಕಪ್ಪಾಗಿ, ನಡುವೆ ಮಾತ್ರ ಸ್ವಲ್ಪ ಹೊಳೆಯುತ್ತಾ. ಎಡ ಬಲ ಬೇರೆ ಬೇರೆ ಕಾಣುವುದೇ ಈ ಟ್ಯಾಂಕಿನ ಚಂದ.

ಎರಡನೆಯದು ಟ್ರ್ಯಾಕ್, ಚಕ್ರಗಳನ್ನು ಸುತ್ತುವ ಉಕ್ಕಿನ ಪಟ್ಟಿ. ಅದೂ ಹದವಾಗಿ. ನಿಂತು ಮಳೆ ಬಿದ್ದರೆ ಒಂದೇ ರಾತ್ರಿಯಲ್ಲಿ ತುಕ್ಕು ಹಿಡಿಯುತ್ತದೆ ನಿಜ, ಆದರೆ ಓಡಿದ ಕೂಡಲೇ ಉಜ್ಜಿ ಹೋಗುತ್ತದೆ. ಬುಡಕ್ಕೆ ಕಡು ಕಂದು, ಮೇಲೆ ಧೂಳು, ಆಮೇಲೆ ನೆಲ ಮುಟ್ಟುವ ಅಂಚಿಗೆ ಮತ್ತು ಒಳಗೆ ಚಕ್ರ ಉರುಳುವ ದಾರಿಗೆ ಪೆನ್ಸಿಲ್ಲಿನ ಹೊಳಪು. ಚಕ್ರದ ರಬ್ಬರಿಗೆ ಕಡು ಕಪ್ಪು ಬೇಡ, ತಮಿಯಾದ ಎಕ್ಸ್‌ಎಫ್-85ರಂಥ ಬೂದು ಕಪ್ಪು ಸಾಕು. ಅಂದ ಹಾಗೆ ಟಿ-55ರಲ್ಲಿ ಬದಿಗೆ ಐದು ಚಕ್ರ, ಒಂದನೆಯದಕ್ಕೂ ಎರಡನೆಯದಕ್ಕೂ ನಡುವೆ ಮಾತ್ರ ಅಂತರ ಜಾಸ್ತಿ. ಅಲ್ಲಿ ಹಲ್‌ನ ಬದಿ ಬರಿದಾಗಿ ಕಾಣುತ್ತದೆ, ಧೂಳು ಹಾಕಲು ಮರೆಯಬೇಡಿ.

ಈಗ ಧೂಳು. ಆಯಿಲ್ ಪೇಸ್ಟಲ್ ಅಲ್ಲ, ಸೀಮೆಸುಣ್ಣದ ಹಾಗಿರುವ ಸಾಫ್ಟ್ ಪೇಸ್ಟಲ್ ತಂದು ಮರಳು ಕಾಗದದ ಮೇಲೆ ಉಜ್ಜಿ ಹುಡಿ ಮಾಡಿ. ಪಂಜಾಬ್, ಜಮ್ಮು ಬಯಲಿನ ಚಳಿಗಾಲದ ಧೂಳು ತಿಳಿ ಕಂದು, ಬೂದಿ ಬೆರೆತ ಬಣ್ಣ. ಮನೆ ಹಿಂದೆ ನಮ್ಮೂರಿನ ಕೆಂಪು ಮುರಕಲ್ಲು ಬಿದ್ದಿದೆ, ಕುಟ್ಟಿ ಹಾಕಿದರಾಯಿತು ಅಂತ ಹೊರಡಬೇಡಿ. ಕೆಂಪು ಹುಡಿ ಬಿದ್ದ ಕೂಡಲೇ ಛಂಬ್‌ನ ಟ್ಯಾಂಕು ಕಾರ್ಕಳದ ಕೋರೆಯಿಂದ ಬಂದ ಹಾಗೆ ಕಾಣುತ್ತದೆ. ಮುರಕಲ್ಲಿನ ಹುಡಿ ಬಳಸಲೇಬೇಕು ಅಂತಿದ್ದರೆ ವಿಯೆಟ್ನಾಂ ಟ್ಯಾಂಕು ಮಾಡಿ. ಅಲ್ಲಿಯ ಎತ್ತರದ ಪ್ರದೇಶದ ಕೆಂಪು ಮಣ್ಣಿಗೆ ಅದು ಹೇಳಿ ಮಾಡಿಸಿದ್ದು, ಹಳೆ ಲುಂಗಿ ಬಟ್ಟೆಯಲ್ಲಿ ಎರಡು ಸಲ ಜರಡಿ ಹಿಡಿದರೆ ಸರಿ. 1971ರ ನವೆಂಬರಿನಲ್ಲಿ ಗರೀಬ್‌ಪುರದಲ್ಲಿ ಹೋರಾಡಿದ 45 ಕ್ಯಾವಲ್ರಿ ರೆಜಿಮೆಂಟಿನ ಪಿಟಿ-76 ಟ್ಯಾಂಕು ಮಾಡುವವರಿಗೆ ಬಂಗಾಳದ ಬೂದುಗಂದು ಗದ್ದೆಯ ಮಣ್ಣು ಬೇಕು. ಪಣಂಬೂರಿನ ಸಮುದ್ರ ತೀರದ ಮರಳು ಯಾವುದಕ್ಕೂ ಬೇಡ. ಅರ್ಧ ಮಿಲಿಮೀಟರ್ ಕಣ ಈ ಸ್ಕೇಲಿನಲ್ಲಿ ಜಲ್ಲಿಕಲ್ಲು, ಮೇಲಾಗಿ ಅದರಲ್ಲಿರುವ ಉಪ್ಪು ಮಳೆಗಾಲದಲ್ಲಿ ನೀರು ಎಳೆಯುತ್ತದೆ.

ಧೂಳು ಹಾಕುವ ಮೊದಲು ಇಡೀ ಮಾಡೆಲಿಗೆ ಹೊಳಪಿಲ್ಲದ ಮ್ಯಾಟ್ ವಾರ್ನಿಷ್. ಹುಡಿಗೆ ಹಿಡಿದುಕೊಳ್ಳಲು ಒರಟು ಬೇಕು. ಒಣ ಬ್ರಷ್‌ನಿಂದ ಕೆಳಗೆ ಜಾಸ್ತಿ, ಮೇಲೆ ಹೋದ ಹಾಗೆ ಕಮ್ಮಿ ಹಾಕಿ. ಫೆಂಡರಿನ ಮೂಲೆ, ಹ್ಯಾಚಿನ ಸಂದಿ, ಗಾಳಿ ತಲುಪದ ಜಾಗದಲ್ಲಿ ಗುಪ್ಪೆ ಇರಲಿ. ಬೂಟು ಬೀಳುವಲ್ಲಿ ಬೆರಳಿನಿಂದ ಒರೆಸಿ ತೆಗೆಯಿರಿ. ಹುಡಿ ನಿಲ್ಲಿಸಲು ಬ್ರಷ್‌ನಲ್ಲಿ ಟರ್ಪಂಟೈನ್ ತೆಗೆದು ಗುಪ್ಪೆಯ ಬದಿಗೆ ತಾಗಿಸಿದರೆ ಅದೇ ಹೀರಿಕೊಳ್ಳುತ್ತದೆ. ಕೆಲವರು ಸ್ಪಿರಿಟ್ ಬಳಸುತ್ತಾರೆ, ಐಸೊಪ್ರೊಪೈಲ್. ಅದು ತಮಿಯಾ ಅಕ್ರಿಲಿಕ್ಕನ್ನೂ ಕರಗಿಸುತ್ತದೆ, ಹುಷಾರು. ಒದ್ದೆಯಾದಾಗ ಧೂಳು ಮಾಯವಾದ ಹಾಗೆ ಕಾಣುತ್ತದೆ. ಗಾಬರಿಯಿಂದ ಇನ್ನಷ್ಟು ಸುರಿಯಬೇಡಿ, ಒಂದು ಗಂಟೆಯಲ್ಲಿ ಆರಿ ಬೆಳ್ಳಗೆ ವಾಪಸ್ ಬರುತ್ತದೆ.

ಇದರ ಮೇಲೆ ಮತ್ತೆ ವಾರ್ನಿಷ್ ಸ್ಪ್ರೇ ಮಾಡಿದರೆ ಧೂಳೆಲ್ಲ ಕಪ್ಪಾಗಿ ಕೆಸರಿನಂತೆ ಅಂಟಿಕೊಳ್ಳುತ್ತದೆ, ಅದು ಬೇಡ. ಪೆರಿಸ್ಕೋಪಿನ ಗಾಜು, ಹೆಡ್‌ಲೈಟಿಗೆ ಮಾತ್ರ ಕಡ್ಡಿಯ ತುದಿಯಿಂದ ಒಂದೊಂದು ಹನಿ ಹೊಳಪಿನ ವಾರ್ನಿಷ್ ಇಡಿ. ಆಮೇಲೆ ಮಾಡೆಲನ್ನು ಎತ್ತುವುದಾದರೆ ಹೊಟ್ಟೆಯ ಕೆಳಗೆ ಕೈ ಹಾಕಿ ಎತ್ತಿ, ಫೆಂಡರ್ ಹಿಡಿದರೆ ಹೆಬ್ಬೆರಳಿನ ಗುರುತು ಬೀಳುತ್ತದೆ.